ಲೈಟ್ ಬಿಲ್ಲಿನಿಂದ ಮನೆ ಪಟ್ಟಿಯವರೆಗೆ: ಯಾವುದಕ್ಕೆ ನಗದು, ಯಾವುದಕ್ಕೆ ಬ್ಯಾಂಕಿನ ಸ್ವಯಂ ಪಾವತಿ

ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ ನಾವಿದ್ದಷ್ಟು ಕಾಲ ನಮ್ಮ ತಂದೆಯವರು ಪಗಾರ ಬಂದ ಮರುದಿನ ಬಿಲ್ಲುಗಳನ್ನೆಲ್ಲ ಬಟ್ಟೆಯ ಕೈಚೀಲದಲ್ಲಿಟ್ಟುಕೊಂಡು ಹೊರಡುತ್ತಿದ್ದರು. ಲೈಟ್ ಬಿಲ್ಲು, ನಳದ ಬಿಲ್ಲು, ವಿಮೆಯ ಕಂತು ಎಲ್ಲವನ್ನೂ ಕಟ್ಟಿ ಊಟದ ಹೊತ್ತಿಗೆ ಮನೆಗೆ ಮರಳಿ, ಪ್ರತಿಯೊಂದು ರಸೀದಿಯನ್ನೂ ಗೋಡೆಯ ಮೇಲಿನ ತಂತಿಗೆ ಚುಚ್ಚುತ್ತಿದ್ದರು. ಒಂದು ವರ್ಷ ಹೊಲದ ಕೆಲಸಕ್ಕೆಂದು ಹಾವೇರಿ ಕಡೆಯ ಊರಿಗೆ ಹೋದವರು ಎರಡು ತಿಂಗಳು ಅಲ್ಲಿಯೇ ಉಳಿಯಬೇಕಾಯಿತು. ವಿಮೆಯ ಕಂತು ತಪ್ಪಿತು, ರಿಯಾಯಿತಿಯ ದಿನಗಳೂ ಕಳೆದವು, ಪಾಲಿಸಿ ನಿಂತುಹೋಯಿತು.

ಮನೆಯ ವ್ಯವಹಾರ ನನ್ನ ಕೈಗೆ ಬಂದಾಗ ಇದೇ ಕಾರಣಕ್ಕೆ ನಾನು ಎಲ್ಲವನ್ನೂ ಬ್ಯಾಂಕಿನ ಸ್ವಯಂ ಪಾವತಿಗೆ ಒಪ್ಪಿಸಿದೆ. ಒಂದೂವರೆ ವರ್ಷ ನೆಮ್ಮದಿಯಾಗಿ ಕಳೆಯಿತು. ಆಮೇಲೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ಹೋಗುವ ಪೈಪು ನೆಲದೊಳಗೆ ಸೋರತೊಡಗಿತು, ಮೋಟರು ದಿನಕ್ಕೆ ಹಲವು ಬಾರಿ ತಾನಾಗಿಯೇ ಚಾಲೂ ಆಗುತ್ತಿತ್ತು, ವಿದ್ಯುತ್ ಬಳಕೆ 200 ಯೂನಿಟ್ ದಾಟಿ ಗೃಹಜ್ಯೋತಿಯ ಸೌಲಭ್ಯ ಆ ತಿಂಗಳುಗಳ ಮಟ್ಟಿಗೆ ಕೈತಪ್ಪಿತು. ಮೂರು ತಿಂಗಳು ಪೂರ್ತಿ ಬಿಲ್ಲು ಖಾತೆಯಿಂದ ಕಟ್ಟಿಹೋಗಿದ್ದು ನನಗೆ ಗೊತ್ತೇ ಆಗಲಿಲ್ಲ. ಮೀಟರ್ ಓದುವವರು ಕೊಟ್ಟ ಚೀಟಿಗಳು ಟಿವಿಯ ಪಕ್ಕದಲ್ಲಿ ಬಿಚ್ಚದೇ ಬಿದ್ದಿದ್ದವು.

ತಂದೆಯವರ ಕ್ರಮದಲ್ಲಿ ಬಿಲ್ಲನ್ನು ಓದದೇ ಇರುವಂತಿರಲಿಲ್ಲ, ಆದರೆ ದಿನಾಂಕ ತಪ್ಪಿತು. ನನ್ನ ಕ್ರಮದಲ್ಲಿ ದಿನಾಂಕ ತಪ್ಪಲಿಲ್ಲ, ಆದರೆ ಬಿಲ್ಲನ್ನು ಓದುವವರೇ ಇರಲಿಲ್ಲ. ಈಗ ನಮ್ಮ ಮನೆಯಲ್ಲಿ ಮೊತ್ತ ಬದಲಾಗದ ಕಂತುಗಳು ಬ್ಯಾಂಕಿನಿಂದ ತಾವಾಗಿಯೇ ಹೋಗುತ್ತವೆ, ಬಳಕೆಗೆ ತಕ್ಕಂತೆ ಏರಿಳಿಯುವ ಬಿಲ್ಲುಗಳನ್ನು ಒಬ್ಬರು ಓದಿಯೇ ಕಟ್ಟುತ್ತಾರೆ, ಎದುರಿಗೆ ನಿಂತು ಕೆಲಸ ಮಾಡಿದವರಿಗೆ ಕೈಯಲ್ಲಿ ರೊಕ್ಕ ಸಲ್ಲುತ್ತದೆ. ಈ ಹಂಚಿಕೆಗೆ ಬರುವ ದಾರಿಯನ್ನು ಹಂತ ಹಂತವಾಗಿ ಕೆಳಗೆ ಬರೆದಿದ್ದೇನೆ.

ಮೊದಲ ಹಂತ: ಇಡೀ ವರ್ಷದ ಪಟ್ಟಿ

ಒಂದು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಪಟ್ಟಿ ಮಾಡಿದರೆ ಅರ್ಧದಷ್ಟು ಖರ್ಚು ಬಿಟ್ಟುಹೋಗುತ್ತದೆ, ಏಕೆಂದರೆ ಮನೆಯ ಲೆಕ್ಕವನ್ನು ಏರುಪೇರು ಮಾಡುವ ದೊಡ್ಡ ಮೊತ್ತಗಳು ವರ್ಷಕ್ಕೊಮ್ಮೆ ಅಥವಾ ಎರಡು ಬಾರಿ ಬರುವಂಥವು. ಆದ್ದರಿಂದ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹನ್ನೆರಡು ತಿಂಗಳಿಗೂ ಒಂದೊಂದು ಪುಟ ಬಿಟ್ಟು, ಉದ್ದನೆಯ ನೋಟುಬುಕ್ಕಿನಲ್ಲಿ ಬರೆಯಬೇಕು. ಏಪ್ರಿಲ್ ಪುಟದಲ್ಲಿ ಮೊದಲು ಬರಬೇಕಾದುದು ಮನೆ ಪಟ್ಟಿ, ಅಂದರೆ ಮಹಾನಗರ ಪಾಲಿಕೆಯ ಆಸ್ತಿ ತೆರಿಗೆ. ಆ ತಿಂಗಳಲ್ಲಿಯೇ ಇಡೀ ವರ್ಷದ ತೆರಿಗೆಯನ್ನು ಕಟ್ಟಿದವರಿಗೆ ಶೇಕಡಾ 5ರಷ್ಟು ರಿಯಾಯಿತಿ ಸಿಗುತ್ತದೆ, ತಡವಾದರೆ ದಂಡ ಸೇರುತ್ತದೆ. ಜೂನ್ ಪುಟದಲ್ಲಿ ಶಾಲೆಯ ಫೀ, ಅದರ ಮುಂದಿನ ಪುಟಗಳಲ್ಲಿ ವಾಹನದ ವಿಮೆ, ಆರೋಗ್ಯ ವಿಮೆ, ಜೀವವಿಮೆ ಹೀಗೆ ಬರೆಯುತ್ತ ಹೋಗಬೇಕು.

ಪ್ರತಿಯೊಂದು ಬಿಲ್ಲಿನ ಮುಂದೆ ಅದರ ಗುರುತಿನ ಸಂಖ್ಯೆ ಇರಲೇಬೇಕು. ನಮ್ಮ ಭಾಗದ ವಿದ್ಯುತ್ ಕಂಪನಿಯಾದ ಹೆಸ್ಕಾಂನ ಬಿಲ್ಲಿನಲ್ಲಿ ಆರ್‌ಆರ್ ಸಂಖ್ಯೆಯೂ ಖಾತೆ ಸಂಖ್ಯೆಯೂ ಬೇರೆ ಬೇರೆಯಾಗಿ ಅಚ್ಚಾಗಿರುತ್ತವೆ, ಎರಡನ್ನೂ ಬರೆದುಕೊಳ್ಳಬೇಕು. ಮನೆ ಪಟ್ಟಿಗೆ ಪಿಐಡಿ ಸಂಖ್ಯೆ, ನಳಕ್ಕೆ ಸಂಪರ್ಕ ಸಂಖ್ಯೆ, ಗ್ಯಾಸಿಗೆ ಗ್ರಾಹಕ ಸಂಖ್ಯೆ, ವಿಮೆಗೆ ಪಾಲಿಸಿ ಸಂಖ್ಯೆ ಬೇಕು. ಸಂಪರ್ಕ ಯಾರ ಹೆಸರಿನಲ್ಲಿದೆ ಎಂಬುದನ್ನೂ ಅಲ್ಲಿಯೇ ನಮೂದಿಸಬೇಕು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಮೀಟರು ಅಜ್ಜನ ಹೆಸರಿನಲ್ಲಿ, ನಳ ದೊಡ್ಡಪ್ಪನ ಹೆಸರಿನಲ್ಲಿ ಇರುವುದು ಸಾಮಾನ್ಯ. ಬಿಲ್ಲು ಕಟ್ಟುವುದಕ್ಕೆ ಇದರಿಂದ ತೊಂದರೆಯಿಲ್ಲವಾದರೂ, ಹೆಚ್ಚಾಗಿ ಕಟ್ಟಿದ ಹಣವನ್ನು ಮರಳಿ ಕೇಳುವಾಗ ತೊಂದರೆ ಎದುರಾಗುತ್ತದೆ.

ಎರಡನೆಯ ಹಂತ: ಪ್ರತಿ ಬಿಲ್ಲಿಗೂ ಮೂರು ಪ್ರಶ್ನೆ

ಪಟ್ಟಿ ಮುಗಿದ ಮೇಲೆ ಪ್ರತಿಯೊಂದು ಸಾಲಿನ ಮುಂದೆ ನಿಂತು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಪ್ರತಿ ಸಲವೂ ಮೊತ್ತ ಒಂದೇ ಆಗಿರುತ್ತದೆಯೇ? ದಿನಾಂಕ ತಪ್ಪಿದರೆ ಆಗುವ ನಷ್ಟ ಎಷ್ಟು ದೊಡ್ಡದು? ಬಿಲ್ಲನ್ನು ಓದುವುದರಿಂದ ಮನೆಗೆ ಏನಾದರೂ ತಿಳಿಯುತ್ತದೆಯೇ?

ಜೀವವಿಮೆಯ ಕಂತಿನ ಮೊತ್ತ ಬದಲಾಗುವುದಿಲ್ಲ, ಓದಿದರೆ ಹೊಸದೇನೂ ತಿಳಿಯುವುದಿಲ್ಲ, ಆದರೆ ತಪ್ಪಿದರೆ ಕುಟುಂಬದ ರಕ್ಷಣೆಯೇ ಹೋಗುತ್ತದೆ. ಎಲ್‌ಐಸಿಯಲ್ಲಿ ಮೂರು ತಿಂಗಳು, ಆರು ತಿಂಗಳು ಅಥವಾ ವರ್ಷಕ್ಕೊಮ್ಮೆ ಕಟ್ಟುವವರಿಗೆ ಸಾಮಾನ್ಯವಾಗಿ 30 ದಿನ, ತಿಂಗಳಿಗೊಮ್ಮೆ ಕಟ್ಟುವವರಿಗೆ 15 ದಿನ ಮಾತ್ರ ಹೆಚ್ಚುವರಿ ಕಾಲಾವಕಾಶ ಇರುತ್ತದೆ. ಇಂಥದನ್ನು ಬ್ಯಾಂಕಿಗೆ ಒಪ್ಪಿಸುವುದೇ ಸರಿ. ಸಾಲದ ಕಂತು, ಆವರ್ತ ಠೇವಣಿ, ಒಂದೇ ದರದ ಇಂಟರ್ನೆಟ್ ಸಂಪರ್ಕ, ಮನೆಯ ಮಾಲೀಕರು ಒಪ್ಪಿದರೆ ಬಾಡಿಗೆ ಕೂಡ ಇದೇ ಗುಂಪಿಗೆ ಸೇರುತ್ತವೆ.

ಲೈಟ್ ಬಿಲ್ಲು ಇದಕ್ಕೆ ತದ್ವಿರುದ್ಧ. ಗೃಹಜ್ಯೋತಿ ಯೋಜನೆಯಲ್ಲಿ, 2022-23ರಲ್ಲಿ ಆ ಮನೆ ಬಳಸಿದ ಸರಾಸರಿಯ ಆಧಾರದ ಮೇಲೆ ಪ್ರತಿ ಮನೆಗೂ ಉಚಿತ ಯೂನಿಟ್ಟುಗಳ ಮಿತಿ ನಿಗದಿಯಾಗಿದೆ. ಆ ಮಿತಿಯೊಳಗೆ ಇದ್ದರೆ ಶೂನ್ಯ ಬಿಲ್ಲು ಬರುತ್ತದೆ, ಮಿತಿ ದಾಟಿ 200 ಯೂನಿಟ್ಟಿನೊಳಗೆ ಇದ್ದರೆ ಹೆಚ್ಚಾದ ಬಳಕೆಗೆ ಮಾತ್ರ ಹಣ ಕಟ್ಟಬೇಕು, 200 ದಾಟಿದರೆ ಆ ತಿಂಗಳ ಇಡೀ ಬಿಲ್ಲನ್ನು ಕಟ್ಟಬೇಕು. 195 ಯೂನಿಟ್ ಸುಟ್ಟ ಮನೆಗೂ 205 ಯೂನಿಟ್ ಸುಟ್ಟ ಮನೆಗೂ ನಡುವಿನ ವ್ಯತ್ಯಾಸ ಹತ್ತು ಯೂನಿಟ್ಟಿನ ಬೆಲೆಯಷ್ಟೇ ಅಲ್ಲ ಎಂಬುದನ್ನು ನಾನು ಹಣ ಕೊಟ್ಟು ಕಲಿತಿದ್ದೇನೆ. ಬಿಲ್ಲಿನಲ್ಲಿ ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಬಳಸಿದ ಯೂನಿಟ್, ಹಿಂದಿನ ಬಾಕಿ ಈ ನಾಲ್ಕನ್ನು ಓದಿದರೆ ಸಾಕು, ಮನೆಯಲ್ಲಿ ಯಾವುದೋ ಯಂತ್ರ ಕೆಟ್ಟಿರುವುದೂ ಗೊತ್ತಾಗುತ್ತದೆ, ರೀಡಿಂಗ್ ತಪ್ಪಾಗಿದ್ದರೆ ಅದೂ ಗೊತ್ತಾಗುತ್ತದೆ. ವರ್ಷದಲ್ಲಿ ಒಮ್ಮೆ ಹೆಚ್ಚುವರಿ ಭದ್ರತಾ ಠೇವಣಿಯ ಬೇಡಿಕೆ ಬರುವುದೂ ಉಂಟು, ಬಳಕೆ ಏರಿದ ಮನೆಗಳಿಗೆ ಇದು ದೊಡ್ಡ ಮೊತ್ತವಾಗಬಹುದು. ಮೀಟರ್ ಇರುವ ಬಡಾವಣೆಗಳಲ್ಲಿ ನಳದ ಬಿಲ್ಲಿಗೂ ಇದೇ ಮಾತು ಸಲ್ಲುತ್ತದೆ. ಸವದತ್ತಿಯ ಬಳಿಯ ಮಲಪ್ರಭೆಯಿಂದ ಅಷ್ಟು ದೂರ ಬರುವ ನೀರು ನಮ್ಮ ಅಂಗಳದ ಕೆಳಗೆ ಸೋರಿಹೋಗುತ್ತಿದೆ ಎಂಬುದನ್ನು ಮೊದಲು ಹೇಳುವುದು ಆ ಬಿಲ್ಲೇ.

ಹಾಲಿನವರು, ಪೇಪರಿನವರು, ಮನೆಗೆಲಸಕ್ಕೆ ಬರುವವರು, ಉದ್ರಿ ಕೊಡುವ ಕಿರಾಣಿ ಅಂಗಡಿಯವರು ಮೂರನೆಯ ಗುಂಪು. ಇವರ ಲೆಕ್ಕದಲ್ಲಿ ಎಷ್ಟು ದಿನ ಹಾಲು ಬೇಡವೆಂದಿದ್ದೆವು, ಎಷ್ಟು ದಿನ ಅವರು ಬರಲಿಲ್ಲ ಎಂಬುದನ್ನು ಎದುರಾಎದುರು ಕುಳಿತು ತೀರಿಸಬೇಕಾಗುತ್ತದೆ. ಅವರು ಫೋನಿನಲ್ಲಿ ಹಣ ಪಡೆಯಲು ಒಪ್ಪಿದರೆ ಒಳ್ಳೆಯದು, ನಗದೇ ಬೇಕೆಂದರೆ ಅದನ್ನು ಗೌರವಿಸಬೇಕು. ಅವರ ಮನೆಯ ಸಂತೆಯೂ ಅದೇ ರೊಕ್ಕದಿಂದ ನಡೆಯಬೇಕಲ್ಲವೇ.

ಮೂರನೆಯ ಹಂತ: ನಗದು ಕಟ್ಟುವಾಗ ಪಾಲಿಸಬೇಕಾದ ಕ್ರಮ

ನಗದು ಕಟ್ಟುವುದು ಹಳೆಯ ಕಾಲದ ಪದ್ಧತಿಯೆಂದು ಯಾರೂ ಸಂಕೋಚಪಡಬೇಕಾಗಿಲ್ಲ. ಕೈಯಿಂದ ಎಣಿಸಿ ಕೊಟ್ಟ ಹಣದ ಅರಿವು ಮನಸ್ಸಿನಲ್ಲಿ ಉಳಿಯುತ್ತದೆ, ಖಾತೆಯಲ್ಲಿ ಇಲ್ಲದ ಹಣ ಖರ್ಚಾಗುವ ಭಯವಿಲ್ಲ, ಅಪರಿಚಿತರು ಫೋನಿನ ಮೂಲಕ ಕೈಹಾಕುವ ದಾರಿಯೂ ಇಲ್ಲ. ಆದರೆ ನಗದಿಗೆ ಇರುವ ಏಕೈಕ ಸಾಕ್ಷಿ ರಸೀದಿ. ನಮ್ಮ ಕಡೆ ‘ಪಾವತಿ’ ಎಂಬ ಮಾತಿಗೆ ಹಣ ಕಟ್ಟುವುದು ಎಂಬ ಅರ್ಥದ ಜೊತೆಗೆ, ಕಟ್ಟಿದ್ದಕ್ಕೆ ಸಿಗುವ ಚೀಟಿ ಎಂಬ ಅರ್ಥವೂ ಇದೆ. ‘ಪಾವತಿ ತಗೊಂಡು ಬಾ’ ಎಂದು ತಂದೆಯವರು ಹೇಳುತ್ತಿದ್ದಾಗ ಆ ಎರಡೂ ಕೆಲಸ ಒಂದೇ ಮಾತಿನಲ್ಲಿ ಸೇರಿರುತ್ತಿದ್ದವು.

ಹುಬ್ಬಳ್ಳಿ-ಧಾರವಾಡದಲ್ಲಿ ಹೆಸ್ಕಾಂನ ಸ್ವಂತ ಕೌಂಟರುಗಳಲ್ಲದೆ ಕರ್ನಾಟಕ ಒನ್ ಕೇಂದ್ರಗಳಲ್ಲಿಯೂ ನಗದು ಕಟ್ಟಬಹುದು. ಹಳ್ಳಿಗಳಲ್ಲಿ ಗ್ರಾಮ ಒನ್ ಕೇಂದ್ರಗಳಿವೆ. ಭಾರತ್ ಬಿಲ್ ಪಾವತಿ ವ್ಯವಸ್ಥೆಗೆ, ಅಂದರೆ ಈಗ ಭಾರತ್ ಕನೆಕ್ಟ್ ಎಂದು ಕರೆಯುವ ಜಾಲಕ್ಕೆ ಸೇರಿದ ಏಜೆಂಟರ ಅಂಗಡಿಗಳೂ ನಗದು ಪಡೆದು ರಸೀದಿ ಕೊಡುತ್ತವೆ. ಎಲ್ಲಿಯೇ ಕಟ್ಟಿದರೂ ಕೌಂಟರ್ ಬಿಡುವ ಮೊದಲು ರಸೀದಿಯಲ್ಲಿ ಖಾತೆ ಸಂಖ್ಯೆ, ಮೊತ್ತ, ದಿನಾಂಕ ಮತ್ತು ವ್ಯವಹಾರ ಸಂಖ್ಯೆ ಈ ನಾಲ್ಕನ್ನೂ ಓದಬೇಕು. ‘ಸರ್ವರ್ ಡೌನ್ ಅದ, ಸಂಜಿಮುಂದ ಪಾವತಿ ಒಯ್ರಿ’ ಎಂದು ಹೇಳಿದರೆ ಹಣವನ್ನು ಬಿಟ್ಟು ಬರಬಾರದು, ಹಣದೊಂದಿಗೆ ಮರಳಿ ಬಂದು ಸಂಜೆ ಮತ್ತೆ ಹೋಗುವುದೇ ಕ್ಷೇಮ.

ಈಗಿನ ಬಹುತೇಕ ರಸೀದಿಗಳು ಶಾಖದಿಂದ ಅಚ್ಚಾಗುವ ನುಣುಪು ಕಾಗದದವು. ನಮ್ಮ ಬೇಸಿಗೆಯಲ್ಲಿ ಅವು ಕೆಲವೇ ತಿಂಗಳುಗಳಲ್ಲಿ ಬಿಳಿಚಿಕೊಂಡು ಬರಹವೇ ಕಾಣದಂತಾಗುತ್ತವೆ. ಆದ್ದರಿಂದ ಮನೆಗೆ ಬಂದ ಕೂಡಲೇ ಫೋನಿನಲ್ಲಿ ಫೋಟೋ ತೆಗೆದು, ಮನೆ ಪಟ್ಟಿಯಂಥ ಮುಖ್ಯ ರಸೀದಿಯಾದರೆ ಝೆರಾಕ್ಸ್ ಮಾಡಿಸಿ ನೋಟುಬುಕ್ಕಿಗೆ ಅಂಟಿಸಬೇಕು. ಮನೆ ಪಟ್ಟಿಯ ರಸೀದಿಗಳು ಮುಂದೆ ಮನೆ ಮಾರುವಾಗ ಅಥವಾ ಹೆಸರು ಬದಲಾಯಿಸುವಾಗ ಬೇಕಾಗುವುದರಿಂದ ಅವನ್ನು ಎಂದೂ ಎಸೆಯಬಾರದು.

ಬಾಡಿಗೆಯನ್ನು ನಗದಾಗಿ ಕೊಡುವವರು ಪ್ರತಿ ತಿಂಗಳೂ ಸಹಿ ಮಾಡಿದ ರಸೀದಿ ಪಡೆಯಬೇಕು. 5,000 ರೂಪಾಯಿಗೆ ಮೀರಿದ ನಗದಿನ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಹಚ್ಚುವುದು ಕಾನೂನಿನ ನಿಯಮ. ಆರೋಗ್ಯ ವಿಮೆಯ ಕಂತನ್ನು ಮಾತ್ರ ನಗದಾಗಿ ಕಟ್ಟಲೇಬಾರದು: ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಲೆಕ್ಕ ಸಲ್ಲಿಸುವವರಿಗೆ ನಗದಾಗಿ ಕಟ್ಟಿದ ಕಂತಿನ ಮೇಲೆ ವಿನಾಯಿತಿ ಸಿಗುವುದಿಲ್ಲ. ಗ್ಯಾಸ್ ಸಿಲಿಂಡರಿಗೆ ಬಾಗಿಲಲ್ಲಿ ನಗದು ಕೊಡುವವರು ಬಿಲ್ಲಿನಲ್ಲಿ ಅಚ್ಚಾದ ದರವನ್ನಷ್ಟೇ ಕೊಟ್ಟರೆ ಸಾಕು, ಮನೆಗೆ ತಲುಪಿಸುವ ವೆಚ್ಚ ಅದರಲ್ಲಿಯೇ ಸೇರಿರುತ್ತದೆ.

ನಾಲ್ಕನೆಯ ಹಂತ: ಬಿಲ್ಲುಗಳಿಗಾಗಿಯೇ ಒಂದು ಖಾತೆ

ಸ್ವಯಂ ಪಾವತಿಯನ್ನು ಚಾಲೂ ಮಾಡುವ ಮೊದಲು ಖಾತೆಯನ್ನು ಸಿದ್ಧಮಾಡಬೇಕು, ಬಹಳ ಜನ ಬಿಟ್ಟುಬಿಡುವ ಹಂತ ಇದು. ಪಗಾರ ಬೀಳುವ ಖಾತೆಯಿಂದಲೇ ಎಲ್ಲ ಕಂತುಗಳೂ ಹೋಗುವಂತೆ ಮಾಡಿದರೆ, ಮದುವೆಗೋ ಆಸ್ಪತ್ರೆಗೋ ದೊಡ್ಡ ಮೊತ್ತ ತೆಗೆದ ತಿಂಗಳು ಕಂತುಗಳು ಹಣವಿಲ್ಲದೆ ಮರಳುತ್ತವೆ. ಅದಕ್ಕಾಗಿ ಕನಿಷ್ಠ ಶಿಲ್ಕಿನ ಕಟ್ಟುಪಾಡಿಲ್ಲದ ಉಳಿತಾಯ ಖಾತೆಯೊಂದನ್ನು ಬಿಲ್ಲುಗಳಿಗಾಗಿಯೇ ಮೀಸಲಿಡಬೇಕು. ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರಲ್ಲಿ ಉಳಿತಾಯ ಖಾತೆಗಳಿಗೆ ಕನಿಷ್ಠ ಶಿಲ್ಕಿನ ದಂಡವನ್ನು ಕೈಬಿಟ್ಟಿರುವುದರಿಂದ ಇಂಥ ಖಾತೆ ಸಿಗುವುದು ಈಗ ಕಷ್ಟವಲ್ಲ.

ಒಂದು ಉದಾಹರಣೆ ನೋಡೋಣ. ಬಾಡಿಗೆ 9,000, ವಿಮೆ 1,850, ಇಂಟರ್ನೆಟ್ 590, ಆವರ್ತ ಠೇವಣಿ 2,000 ಎಂದಾದರೆ ತಿಂಗಳಿಗೆ 13,440 ರೂಪಾಯಿ ತಾನಾಗಿಯೇ ಹೋಗುತ್ತದೆ. ಪಗಾರದ ಮರುದಿನ ಈ ಖಾತೆಗೆ 14,000 ಹಾಕುವುದು ರೂಢಿಯಾಗಬೇಕು. ಮೊದಲ ತಿಂಗಳು ಮಾತ್ರ ಎರಡರಷ್ಟು ಹಾಕಿ, ಒಂದು ತಿಂಗಳ ಮೊತ್ತವನ್ನು ಮುಟ್ಟದೆ ಬಿಟ್ಟರೆ ಪಗಾರ ಎರಡು ವಾರ ತಡವಾದರೂ ಯಾವ ಕಂತೂ ಮರಳುವುದಿಲ್ಲ.

ಖಾತೆ ಜಂಟಿಯಾಗಿರಲಿ, ‘ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು’ ಎಂಬ ಷರತ್ತಿನದಾಗಿರಲಿ. ಒಬ್ಬರ ಹೆಸರಿನಲ್ಲಿ ಮಾತ್ರ ಇದ್ದು ಅವರು ತೀರಿಕೊಂಡರೆ, ದುಃಖದ ಆ ದಿನಗಳಲ್ಲಿಯೇ ಕಂತುಗಳು ನಿಂತುಹೋಗುತ್ತವೆ. ನಾಮನಿರ್ದೇಶನವನ್ನೂ ಮಾಡಿಸಬೇಕು. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಲು ಅವಕಾಶವಿದೆ.

ನಮ್ಮ ಭಾಗದವರು ಇಲ್ಲಿ ಇನ್ನೊಂದು ವಿಷಯವನ್ನು ವಿಚಾರಿಸಬೇಕು. ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದ ನಾಡು ಇದು. ಇಂದಿಗೂ ಪಿಗ್ಮಿ ತುಂಬುವುದು, ಉಳಿತಾಯ ಇಡುವುದು ಎಲ್ಲವೂ ಓಣಿಯ ಸೊಸೈಟಿಯಲ್ಲಿಯೇ ನಡೆಯುತ್ತದೆ. ಅದು ಒಳ್ಳೆಯದೇ. ಆದರೆ ಪತ್ತಿನ ಸಹಕಾರಿ ಸಂಘ ಬ್ಯಾಂಕಲ್ಲ: ಅಲ್ಲಿಯ ಠೇವಣಿಗೆ ಠೇವಣಿ ವಿಮಾ ನಿಗಮದ 5 ಲಕ್ಷ ರೂಪಾಯಿಯ ರಕ್ಷಣೆ ಅನ್ವಯಿಸುವುದಿಲ್ಲ. ಆ ರಕ್ಷಣೆ ಇರುವ ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು ಅಥವಾ ನಗರ ಸಹಕಾರಿ ಬ್ಯಾಂಕಿನಲ್ಲಿಯೇ ಬಿಲ್ಲಿನ ಖಾತೆ ಇರಬೇಕು, ಆ ಬ್ಯಾಂಕು ಸ್ವಯಂ ಪಾವತಿಯ ಆದೇಶವನ್ನು ಸ್ವೀಕರಿಸುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಬ್ಯಾಂಕುಗಳು ವಿಲೀನವಾದಾಗಲೂ ಎಚ್ಚರ ಬೇಕು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿದ ಮೇಲೆ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ಮುಂದಿನ ವರ್ಷ ರದ್ದಾದವು. ಧಾರವಾಡದಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಂದಿಗೆ ಒಂದಾಯಿತು. ಇಂಥ ಬದಲಾವಣೆಯ ಸುದ್ದಿ ಓದಿದ ತಿಂಗಳು ಪ್ರತಿಯೊಂದು ಕಂತೂ ಸರಿಯಾಗಿ ಹೋಗಿದೆಯೇ ಎಂದು ಪಾಸ್‌ಬುಕ್ಕಿನಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು.

ಐದನೆಯ ಹಂತ: ಸ್ವಯಂ ಪಾವತಿಯ ಆದೇಶ ಕೊಡುವುದು

ಸ್ವಯಂ ಪಾವತಿ ಎಂದು ಜನ ಒಂದೇ ಹೆಸರಿನಿಂದ ಕರೆದರೂ ಅದರಲ್ಲಿ ಹಲವು ಬಗೆಗಳಿವೆ. ಸಾಲ, ವಿಮೆ, ಹೂಡಿಕೆಯ ಕಂತುಗಳಿಗೆ ಹೆಚ್ಚಾಗಿ ಬಳಕೆಯಾಗುವುದು ನ್ಯಾಚ್ ಆದೇಶ, ಅಂದರೆ ಕಂತು ಪಡೆಯುವ ಸಂಸ್ಥೆ ಕೇಳಿದಾಗ ನಮ್ಮ ಖಾತೆಯಿಂದ ಹಣ ಕೊಡಲು ನಾವು ಮೊದಲೇ ಕೊಟ್ಟಿಡುವ ಒಪ್ಪಿಗೆ. ಹಿಂದೆ ಇಸಿಎಸ್ ಎಂದು ಕರೆಯುತ್ತಿದ್ದ ವ್ಯವಸ್ಥೆಯ ಸ್ಥಾನದಲ್ಲಿ ಈಗ ಇದು ಬಂದಿದೆ, 2021ರ ಆಗಸ್ಟ್‌ನಿಂದ ಭಾನುವಾರ ಮತ್ತು ಹಬ್ಬದ ದಿನಗಳಲ್ಲಿಯೂ ಹಣ ಕಡಿತವಾಗುತ್ತದೆ. ಎರಡನೆಯದು 2020ರಲ್ಲಿ ಬಂದ ಯುಪಿಐ ಆಟೋಪೇ. ಮೂರನೆಯದು ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡಿನ ಮೇಲೆ ಕೊಡುವ ಆದೇಶ. ಇವಲ್ಲದೆ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ನಿಗದಿತ ದಿನ ನಿಗದಿತ ಮೊತ್ತ ಹೋಗಲಿ ಎಂದು ಬ್ಯಾಂಕಿಗೆ ಕೊಡುವ ಸ್ಥಾಯಿ ಸೂಚನೆಯೂ ಇದೆ, ಬಾಡಿಗೆಗೆ ಇದು ಎಲ್ಲಕ್ಕಿಂತ ಸರಳ.

ಕಾರ್ಡು ಮತ್ತು ಯುಪಿಐ ಆದೇಶಗಳಿಗೆ ರಿಸರ್ವ್ ಬ್ಯಾಂಕು ಮಾಡಿರುವ ನಿಯಮಗಳು ನಮ್ಮ ರಕ್ಷಣೆಗೆಂದೇ ಇರುವುದರಿಂದ ಅವನ್ನು ತಿಳಿದಿರಬೇಕು. ಆದೇಶ ನೋಂದಾಯಿಸುವಾಗ ಪಿನ್ ಅಥವಾ ಒಟಿಪಿಯಿಂದ ನಾವೇ ಒಪ್ಪಿಗೆ ಕೊಡಬೇಕು. ಸಾಮಾನ್ಯವಾಗಿ 15,000 ರೂಪಾಯಿವರೆಗಿನ ಮೊತ್ತ ಮಾತ್ರ ಮುಂದಿನ ಸಲಗಳಲ್ಲಿ ಮತ್ತೆ ಕೇಳದೆ ಹೋಗಬಹುದು. ವಿಮೆಯ ಕಂತು, ಮ್ಯೂಚುವಲ್ ಫಂಡ್ ಮತ್ತು ಕ್ರೆಡಿಟ್ ಕಾರ್ಡ್ ಬಿಲ್ಲಿಗೆ ಈ ಮಿತಿ 1 ಲಕ್ಷ ರೂಪಾಯಿ. ಹಣ ಕಡಿತವಾಗುವ 24 ಗಂಟೆ ಮೊದಲು ಸಂದೇಶ ಬರಲೇಬೇಕು, ಆ ಸಂದೇಶ ಬಂದ ಮೇಲೆ ಆ ಸಲದ ಕಡಿತವನ್ನು ಅಥವಾ ಇಡೀ ಆದೇಶವನ್ನು ನಿಲ್ಲಿಸುವ ಹಕ್ಕು ನಮಗಿದೆ. ಬ್ಯಾಂಕಿನಲ್ಲಿ ನೋಂದಾಯಿಸಿದ ಫೋನ್ ಸಂಖ್ಯೆ ಹಳೆಯದಾಗಿದ್ದರೆ ಈ ರಕ್ಷಣೆಯೆಲ್ಲ ವ್ಯರ್ಥ, ಆದ್ದರಿಂದ ಮೊದಲು ಅದನ್ನು ಸರಿಪಡಿಸಬೇಕು.

ಆದೇಶದ ಅರ್ಜಿ ತುಂಬುವಾಗ ನಾಲ್ಕು ಕಡೆ ಕಣ್ಣಿಟ್ಟು ಓದಬೇಕು. ಅತಿ ಮುಖ್ಯವಾದುದು ಗರಿಷ್ಠ ಮೊತ್ತ. ತಿಂಗಳಿಗೆ 590 ರೂಪಾಯಿಯ ಸಂಪರ್ಕಕ್ಕೆ ಅರ್ಜಿಯಲ್ಲಿ 5,000 ಎಂದು ಮೊದಲೇ ತುಂಬಿರುವುದನ್ನು ನಾನು ನೋಡಿದ್ದೇನೆ. ಅದರ ಅರ್ಥ, ಮುಂದೊಂದು ದಿನ 5,000 ರೂಪಾಯಿವರೆಗೆ ಕೇಳಿದರೂ ನಾವು ಒಪ್ಪಿದಂತೆಯೇ. ಅದನ್ನು 700ಕ್ಕೆ ಇಳಿಸಲು ಅವಕಾಶವಿದ್ದರೆ ಇಳಿಸಬೇಕು, ಇಲ್ಲದಿದ್ದರೆ ಆ ಬಿಲ್ಲನ್ನು ಕೈಯಿಂದಲೇ ಕಟ್ಟುವುದು ಲೇಸು. ಎರಡನೆಯದು ಕೊನೆಯ ದಿನಾಂಕ: ‘ರದ್ದುಪಡಿಸುವವರೆಗೆ’ ಎಂಬುದನ್ನು ಆರಿಸದೆ, ಸಾಲವಾದರೆ ಸಾಲ ಮುಗಿಯುವ ತಿಂಗಳು, ಚಂದಾ ಆದರೆ ಒಂದು ವರ್ಷ ಎಂದು ಬರೆಯಬೇಕು. ಮೂರನೆಯದು ಕಡಿತದ ದಿನ, ಇದು ಪಗಾರದ ನಂತರ ಮೂರು ನಾಲ್ಕು ದಿನ ಬಿಟ್ಟು ಇರಬೇಕು. ನಾಲ್ಕನೆಯದು ಆವರ್ತನೆ, ಅಂದರೆ ತಿಂಗಳಿಗೊಮ್ಮೆಯೋ ‘ಬೇಡಿಕೆ ಬಂದಾಗಲೆಲ್ಲ’ ಎಂಬುದೋ ನೋಡಿಕೊಳ್ಳಬೇಕು. ನ್ಯಾಚ್ ಆದೇಶವಾದರೆ ಬ್ಯಾಂಕು ಕೊಡುವ ಯುಎಂಆರ್‌ಎನ್ ಎಂಬ ಉದ್ದನೆಯ ಸಂಖ್ಯೆಯನ್ನು ನೋಟುಬುಕ್ಕಿನಲ್ಲಿ ಬರೆದಿಡಬೇಕು, ಮುಂದೆ ರದ್ದುಪಡಿಸುವಾಗ ಅದನ್ನೇ ಕೇಳುತ್ತಾರೆ.

ಎಲ್ಲ ಆದೇಶಗಳನ್ನೂ ಒಂದೇ ದಿನ ಚಾಲೂ ಮಾಡಬಾರದು. ಮೊದಲ ತಿಂಗಳು ಒಂದು ಚಿಕ್ಕ ಬಿಲ್ಲು, ಅದು ಎರಡು ಸಲ ಸರಿಯಾಗಿ ಹೋದ ಮೇಲೆ ಇನ್ನೊಂದು, ಹೀಗೆ ನಿಧಾನವಾಗಿ ಸೇರಿಸಬೇಕು. ಮೊದಲ ಕಡಿತ ಆಗುವವರೆಗೆ ಹಳೆಯ ಕ್ರಮದಲ್ಲಿಯೇ ಕಟ್ಟಬೇಕೇ ಎಂದು ಕೇಳಿಕೊಳ್ಳದಿದ್ದರೆ ಒಂದೇ ಬಿಲ್ಲು ಎರಡು ಸಲ ಕಟ್ಟಿಹೋಗುತ್ತದೆ, ಇಲ್ಲವೇ ಒಂದೂ ಸಲ ಹೋಗುವುದಿಲ್ಲ.

ಲೈಟ್ ಮತ್ತು ನಳದ ಬಿಲ್ಲುಗಳಿಗೆ ಕೌಂಟರಿಗೆ ಹೋಗಲಾಗದವರು ನಡುವಿನ ದಾರಿಯೊಂದನ್ನು ಹಿಡಿಯಬಹುದು. ಬಿಲ್ಲು ಬಂದ ದಿನ ಅದನ್ನು ಓದಿ, ನೋಟುಬುಕ್ಕಿನಲ್ಲಿ ಯೂನಿಟ್ ಬರೆದು, ಆಮೇಲೆ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಮೂಲಕ ನಾವೇ ಕಟ್ಟುವುದು. ನಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಇದೇ.

ಆರನೆಯ ಹಂತ: ತಿಂಗಳಿಗೊಮ್ಮೆ ಅರ್ಧ ಗಂಟೆ

ತಿಂಗಳ ಯಾವುದಾದರೂ ಒಂದು ರವಿವಾರ ಬೆಳಿಗ್ಗೆ ಪಾಸ್‌ಬುಕ್ಕು ಅಥವಾ ಖಾತೆಯ ವಿವರವನ್ನು ಮುಂದಿಟ್ಟುಕೊಂಡು ಒಂದೊಂದೇ ಸಾಲನ್ನು ನೋಟುಬುಕ್ಕಿನೊಂದಿಗೆ ತಾಳೆ ನೋಡಬೇಕು. ಗುರುತು ಸಿಗದ ಮೊತ್ತ ಎಷ್ಟೇ ಚಿಕ್ಕದಾಗಿದ್ದರೂ ಬಿಡಬಾರದು. ಗದಗಿನಿಂದ ಮನೆ ಬದಲಾಯಿಸಿ ಬಂದ ನಮ್ಮ ಬಂಧುಗಳೊಬ್ಬರ ಖಾತೆಯಿಂದ, ಬಿಟ್ಟುಬಂದ ಮನೆಯ ಕೇಬಲ್ ಸಂಪರ್ಕದ ಹಣ ಏಳು ತಿಂಗಳು ಹೋಗುತ್ತಲೇ ಇತ್ತು. ಸಂಪರ್ಕ ಬೇಡವೆಂದು ಅವರು ಬಾಯಿಮಾತಿನಲ್ಲಿ ಹೇಳಿದ್ದರು, ಬ್ಯಾಂಕಿನ ಆದೇಶವನ್ನು ರದ್ದುಪಡಿಸಿರಲಿಲ್ಲ. ಸೇವೆಯನ್ನು ನಿಲ್ಲಿಸುವುದು ಮತ್ತು ಆದೇಶವನ್ನು ನಿಲ್ಲಿಸುವುದು ಎರಡು ಬೇರೆ ಕೆಲಸಗಳು, ಎರಡನ್ನೂ ಮಾಡಬೇಕು. ಯುಪಿಐ ಆ್ಯಪಿನಲ್ಲಿ ಆಟೋಪೇ ವಿಭಾಗಕ್ಕೆ ಹೋದರೆ ಚಾಲ್ತಿಯಲ್ಲಿರುವ ಆದೇಶಗಳೆಲ್ಲ ಕಾಣುತ್ತವೆ, ಬೇಡವಾದುದನ್ನು ಅಲ್ಲಿಯೇ ತೆಗೆಯಬಹುದು. ಮರೆತುಹೋದ ಚಂದಾಗಳು ಅಲ್ಲಿ ಒಂದೆರಡಾದರೂ ಸಿಕ್ಕೇ ಸಿಗುತ್ತವೆ.

ತಪ್ಪು ನಡೆದಾಗ

ಹಣವಿಲ್ಲದೆ ನ್ಯಾಚ್ ಕಂತು ಮರಳಿದರೆ ನಮ್ಮ ಬ್ಯಾಂಕು ಶುಲ್ಕ ಹಾಕುತ್ತದೆ, ಹಣ ಪಡೆಯಬೇಕಾದವರೂ ದಂಡ ಹಾಕಬಹುದು. ಅಷ್ಟಕ್ಕೇ ಮುಗಿಯುವುದೂ ಇಲ್ಲ: 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೆಯ ಕಲಮಿನ ಪ್ರಕಾರ, ಸಾಲ ತೀರಿಸಲು ಕೊಟ್ಟ ಇಂಥ ಆದೇಶ ಹಣದ ಕೊರತೆಯಿಂದ ಮರಳಿದರೆ ಅದನ್ನು ಚೆಕ್ ಬೌನ್ಸಿನಂತೆಯೇ ಅಪರಾಧವೆಂದು ಪರಿಗಣಿಸಬಹುದು. ಆದ್ದರಿಂದ ಹಣ ಹೊಂದುವುದಿಲ್ಲವೆಂದು ಮೊದಲೇ ಗೊತ್ತಾದರೆ ಕಡಿತದ ದಿನದವರೆಗೆ ಕಾಯದೆ ಸಾಲ ಕೊಟ್ಟವರಿಗೆ ಬರಹದಲ್ಲಿ ತಿಳಿಸಿ ದಿನಾಂಕವನ್ನು ಮುಂದೂಡಿಸಿಕೊಳ್ಳಬೇಕು.

ಈ ಕಾರಣಕ್ಕೇ ಬ್ಯಾಡಗಿ ಸೀಮೆಯ ಮೆಣಸಿನಕಾಯಿ ಬೆಳೆಗಾರರಂಥ, ಸುಗ್ಗಿಯ ನಂತರದ ಕೆಲವು ತಿಂಗಳಲ್ಲಿ ಮಾತ್ರ ಕೈಗೆ ರೊಕ್ಕ ಬರುವ ಕುಟುಂಬಗಳಿಗೆ ತಿಂಗಳ ಸ್ವಯಂ ಪಾವತಿಯನ್ನು ನಾನು ಸಲಹೆ ಮಾಡುವುದಿಲ್ಲ. ಅವರು ವಿಮೆಯನ್ನು ವರ್ಷದ ಕಂತಿಗೆ ಬದಲಾಯಿಸಿಕೊಂಡು, ಮಾಲು ಮಾರಿದ ವಾರದಲ್ಲಿಯೇ ಒಮ್ಮೆಗೆ ಕಟ್ಟಿಬಿಡುವುದು ಹೆಚ್ಚು ಸುರಕ್ಷಿತ.

ನಾವು ಒಪ್ಪಿಗೆ ಕೊಡದ ಕಡಿತವೇನಾದರೂ ಕಂಡರೆ ಅದೇ ದಿನ ಬ್ಯಾಂಕಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಬೇಕು. ನಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದ ಮೋಸದ ವ್ಯವಹಾರವನ್ನು ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆ ನಷ್ಟ ಗ್ರಾಹಕರ ಮೇಲೆ ಬೀಳಬಾರದೆಂದು ರಿಸರ್ವ್ ಬ್ಯಾಂಕು 2017ರಲ್ಲಿಯೇ ಹೇಳಿದೆ. ವಂಚನೆಯೆಂದು ಅನಿಸಿದರೆ ಸೈಬರ್ ವಂಚನೆಯ ಸಹಾಯವಾಣಿಯಾದ 1930 ಸಂಖ್ಯೆಗೆ ಕೂಡಲೇ ಕರೆ ಮಾಡಬೇಕು. ಬ್ಯಾಂಕು 30 ದಿನಗಳಲ್ಲಿ ದೂರನ್ನು ಬಗೆಹರಿಸದಿದ್ದರೆ ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

‘ನಿಮ್ಮ ಬಿಲ್ಲು ಬಾಕಿ ಇದೆ, ಇಂದು ರಾತ್ರಿ ಒಂಬತ್ತೂವರೆಗೆ ಕರೆಂಟ್ ಕಟ್ ಮಾಡುತ್ತೇವೆ, ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಸಂದೇಶದಿಂದ ಎಷ್ಟೋ ಹಿರಿಯರು ಹಣ ಕಳೆದುಕೊಂಡಿದ್ದಾರೆ. 2003ರ ವಿದ್ಯುತ್ ಕಾಯ್ದೆಯ 56ನೆಯ ಕಲಮಿನ ಪ್ರಕಾರ ಬಾಕಿಗಾಗಿ ಸಂಪರ್ಕ ಕಡಿತಗೊಳಿಸುವ ಮೊದಲು ಕನಿಷ್ಠ 15 ದಿನಗಳ ಬರಹದ ನೋಟಿಸು ಕೊಡಬೇಕು. ಸಂಶಯ ಬಂದರೆ ಸಂದೇಶದಲ್ಲಿರುವ ಸಂಖ್ಯೆಯನ್ನು ಬಿಟ್ಟು ಹೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ ವಿಚಾರಿಸಬೇಕು. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತು ಇಲ್ಲಿಯ ತಂದೆತಾಯಿಗಳ ಬಿಲ್ಲು ಕಟ್ಟುವ ಮನೆಗಳಲ್ಲಿ ಈ ಮೋಸ ಸುಲಭವಾಗಿ ನಡೆಯುತ್ತದೆ, ಏಕೆಂದರೆ ಬಿಲ್ಲು ಕಟ್ಟಿದೆಯೋ ಇಲ್ಲವೋ ಎಂಬುದು ಮನೆಯಲ್ಲಿರುವವರಿಗೇ ಗೊತ್ತಿರುವುದಿಲ್ಲ. ಕಟ್ಟಿದ ದಿನವೇ ರಸೀದಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ‘ಅಪ್ಪಾ, ಈ ತಿಂಗಳ ಲೈಟ್ ಬಿಲ್ ಕಟ್ಟೇನಿ’ ಎಂದು ಫೋನು ಮಾಡಿ ಹೇಳುವ ರೂಢಿಯಿದ್ದರೆ ಅಂಥ ಸಂದೇಶಕ್ಕೆ ಅವರು ಹೆದರುವುದಿಲ್ಲ.

ಕೊನೆಯದಾಗಿ, ನೋಟುಬುಕ್ಕನ್ನು ಇಡುವ ಜಾಗ. ಅದರಲ್ಲಿ ಗುರುತಿನ ಸಂಖ್ಯೆಗಳು, ಕಡಿತದ ದಿನಗಳು, ಯಾವ ಖಾತೆಯಿಂದ ಯಾವುದು ಹೋಗುತ್ತದೆ ಎಂಬ ವಿವರ ಇರಬೇಕು, ಪಿನ್ ಮತ್ತು ಪಾಸ್‌ವರ್ಡುಗಳನ್ನು ಮಾತ್ರ ಎಂದೂ ಬರೆಯಬಾರದು. ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಅದು ಎಲ್ಲಿದೆಯೆಂದು ಗೊತ್ತಿರಬೇಕು, ಆ ಇನ್ನೊಬ್ಬರು ವರ್ಷದಲ್ಲಿ ಒಂದು ತಿಂಗಳಾದರೂ ಇಡೀ ಲೆಕ್ಕವನ್ನು ತಾವೇ ಮಾಡಿ ನೋಡಬೇಕು. ನಮ್ಮ ಮನೆಯಲ್ಲಿ ಅಕ್ಟೋಬರ್ ತಿಂಗಳು ನನ್ನ ಹೆಂಡತಿಯದು. ಹೋದ ಸಲ ಆಕೆ ತಾಳೆ ನೋಡುವಾಗಲೇ, ನಾನು ಹನ್ನೊಂದು ತಿಂಗಳು ಗಮನಿಸದೆ ಬಿಟ್ಟಿದ್ದ 99 ರೂಪಾಯಿಯ ಚಂದಾವೊಂದು ಸಿಕ್ಕಿತು, ಅದೇ ಸಂಜೆ ಅದನ್ನು ರದ್ದುಪಡಿಸಿದೆವು.